ನೀಲಾಂಬಿಕ ಹುಡುಕುತ್ತಿರುವ ಆರು ಬೋರ್ಡ್‌ಗಳು

ಬೆಳಗಿನ ಆರು ಗಂಟೆ. ಶಿಕಾರಿಪುರದ ಗುಜರಿ ಅಂಗಡಿಯೊಂದರ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಗೋಣಿಚೀಲದ ಮೇಲೆ ಕೂತ ನೀಲಾಂಬಿಕ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಒಂದನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದಾರೆ. ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೆಗೆದು, ಮಗುಚಿ, ಹಿಂಬದಿಯ ಬೆಸುಗೆಗಳ ಮೇಲೆ ಹೆಬ್ಬೆರಳಾಡಿಸುತ್ತಾರೆ. ‘ಇದು ಮಾಮೂಲಿ’ ಎಂದು ಪಕ್ಕದ ರಾಶಿಗೆ ಹಾಕುತ್ತಾರೆ. ಒಂಬತ್ತಕ್ಕೆ ಲಾರಿ ಬಂದು ರಾಶಿಯನ್ನೆಲ್ಲ ಪುಡಿ ಮಾಡಲು ಒಯ್ಯುತ್ತದೆ. ಅಷ್ಟರೊಳಗೆ ಎಂಬತ್ತು ಬೋರ್ಡ್‌ಗಳಾದರೂ ಅವರ ಕೈದಾಟಬೇಕು.

ಅವರು ಹುಡುಕುವುದು ಮೂಲಮಾದರಿಗಳನ್ನು. ಸಾವಿರಗಟ್ಟಲೆ ತಯಾರಿಸುವ ಮೊದಲು ಪರೀಕ್ಷೆಗೆಂದು ಕೈಯಲ್ಲೇ ಬೆಸೆದ ಕೆಲವೇ ಬೋರ್ಡ್‌ಗಳನ್ನು. ಅಂಥವುಗಳ ಮೇಲೆ ಕ್ರಮಸಂಖ್ಯೆ ಇರುವುದಿಲ್ಲ, ಪೆನ್ನಿನಲ್ಲಿ ಬರೆದ ಗುರುತಿರಬಹುದು, ಅಲ್ಲಲ್ಲಿ ತೆಳುವಾದ ವೈರ್ ಬೆಸೆದಿರಬಹುದು.

‘ವೈರ್ ಕಂಡ ಕೂಡ್ಲೇ ಕುಣಿಬಾರ್ದು ನೋಡ್ರೀ. ರಿಪೇರಿ ಮಾಡಿದವ್ರೂ ವೈರ್ ಹಾಕಿರ್ತಾರ. ಅದೇ ಕಂಪ್ಯೂಟರಿಂದು ಆಮೇಲೆ ಬಂದ ಬೋರ್ಡ್ ಪಕ್ಕಕ್ಕಿಟ್ಟು ನೋಡ್ಬೇಕು. ಇಲ್ಲಿ ವೈರ್ ಜೋಡಿಸಿದ ಎರಡು ಜಾಗಾನ ಅಲ್ಲಿ ತಾಮ್ರದ ಗೆರಿ ಜೋಡ್ಸಿದ್ರೆ, ಮೊದ್ಲು ಆದ ತಪ್ಪನ್ನ ತಿದ್ದಿಕೊಂಡಾರ ಅಂತ ಅರ್ಥ.’

ಹನ್ನೊಂದು ವರ್ಷಗಳಲ್ಲಿ ಅವರು ಎತ್ತಿಟ್ಟದ್ದು ಇಪ್ಪತ್ತಮೂರು. ಖಚಿತವಾಗಿ ಹೇಳಿದ್ದು ನಾಲ್ಕನ್ನು ಮಾತ್ರ. ಪುಣೆ, ಚೆನ್ನೈಗಳ ಸಂಗ್ರಾಹಕರು ಫೋಟೊ ಕಳಿಸಿ ಇವರ ಅಭಿಪ್ರಾಯ ಕೇಳುತ್ತಾರೆ. ‘ನಂಗೆಲ್ಲಾ ಒಂದೇ ಥರ ಕಾಣ್ತಾವ್ರೀ. ಅಕ್ಕೋರು ಇದನ್ನ ಕಳಿಸ್ಬ್ಯಾಡ ಅಂದ್ರೆ ಲಾರಿಗೆ ಹಾಕಲ್ಲ’ ಎನ್ನುತ್ತಾರೆ ಅಂಗಡಿಯ ಕೊಟ್ರೇಶ್.

ಬಳ್ಳಿಗಾವಿಯ ರೈತ ಮನೆತನದ ನೀಲಾಂಬಿಕರಿಗೆ ಈಗ ಐವತ್ತಾರು. ಇಪ್ಪತ್ತರ ಹರೆಯದಲ್ಲಿ ಶಿವಮೊಗ್ಗದ ಸಣ್ಣ ಕಂಪ್ಯೂಟರ್ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸಕ್ಕೆ ಸೇರಿದರು. ಶಾಲೆಗಳಿಗೆಂದು ರೂಪಿಸಿದ ಕಂಪ್ಯೂಟರಿನ ಮೊದಲ ಆರು ಬೋರ್ಡ್‌ಗಳನ್ನು ಬೆಸೆದವರು ಇಬ್ಬರೇ: ಇವರು ಮತ್ತು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಲೋಕಮ್ಮ. ಪರೀಕ್ಷೆ ನಡೆಯುತ್ತಿದ್ದ ಮೇಲಿನ ಮಹಡಿಗೆ ಇವರನ್ನು ಬಿಡುತ್ತಿರಲಿಲ್ಲ. ‘ನಾವು ಮಾಡಿದ್ದು ಚಾಲೂ ಆಗೋದನ್ನ ಒಂದಿನಾನೂ ನೋಡ್ಲಿಲ್ರೀ.’ ಎರಡೇ ವರ್ಷಕ್ಕೆ ಕಾರ್ಖಾನೆಗೆ ಬೀಗ ಬಿತ್ತು. ಲೋಕಮ್ಮನೊಂದಿಗೆ ಕೆಲಕಾಲ ಪತ್ರ ನಡೆಯಿತು, ಆಮೇಲೆ ಅದೂ ನಿಂತಿತು.

ಕಳೆದ ನವೆಂಬರಿನಲ್ಲಿ ಸೊರಬದ ಮುಚ್ಚಿದ ಟೈಪಿಂಗ್ ಶಾಲೆಯ ಸರಕು ಅಂಗಡಿಗೆ ಬಂತು. ಅದರೊಳಗೆ ಒಂದು ಬೋರ್ಡ್; ಮೂಲೆಯಲ್ಲಿ ಮಾಸಿದ ಮಸಿಯಲ್ಲಿ ‘ಟ್ರಯಲ್ 3’ ಎಂದಿದೆ, ಹಿಂಬದಿಯಲ್ಲಿ ಮೂರು ನೀಲಿ ವೈರ್. ತಾವು ಬೆಸೆದ ಆರರಲ್ಲಿ ಒಂದಿರಬಹುದೆಂದು ಅದನ್ನು ಪಕ್ಕಕ್ಕಿಟ್ಟರು. ಆ ಕಾರ್ಖಾನೆಯೇ ನಂತರ ತಯಾರಿಸಿದ ಬೋರ್ಡ್ ಒಂದು ಅವರ ಬಳಿ ಇತ್ತು. ಹೋಲಿಸಿದಾಗ ಎರಡು ವೈರ್ ತಾಳೆಯಾದವು, ಮೂರನೆಯದು ಆಗಲಿಲ್ಲ. ಪುಣೆಯ ಸಂಗ್ರಾಹಕರು ಖಚಿತವೆಂದು ಬರೆದುಕೊಡಲು ಒತ್ತಾಯಿಸಿದರು. ಇವರು ಬರೆದದ್ದು ‘ಇರಬಹುದು’ ಎಂದಷ್ಟೇ.

‘ನಂದೇ ಇರ್ಲಿ ಅಂತ ಮನಸ್ಸು ಹೇಳ್ತಿತ್ತು. ಅದಕ್ಕೇ ನನ್ನ ಮೇಲೆ ನಂಗೇ ಅನುಮಾನ.’

ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕುಪ್ಪಗಡ್ಡೆಗೆ ಬಸ್ ಹತ್ತಿದರು. ಒಂದೇ ಬೆಳಗಿನಲ್ಲಿ ಹೋಗಿಬರುವಷ್ಟು ದೂರ. ಆದರೂ ಮೂವತ್ತು ವರ್ಷ ಹೋಗಿರಲಿಲ್ಲ. ಲೋಕಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ಕಣ್ಣಿಗೆ ಬೆಳಕು ಗೊತ್ತಾಗುತ್ತದೆ, ಅಕ್ಷರ ಕಾಣುವುದಿಲ್ಲ. ದನಿ ಕೇಳಿ ‘ನೀಲಾ ಅಲ್ದನೆ?’ ಎಂದವರು ಕೈಚಾಚಿ ಬೋರ್ಡ್ ಪಡೆದು, ಬಹಳ ಹೊತ್ತು ಬೆರಳಾಡಿಸಿದರು.

‘ಈ ಎರಡು ನಂದು ಕಣೆ. ತುದಿ ಎಡಕ್ಕೆ ಮಡಚಿದೆ ನೋಡು, ನಂದು ಎಡಗೈ ಅಲ್ದಾ? ಮೂರನೇದು ಯಾರೋ ಆಮೇಲೆ ಮೆತ್ತಿದ್ದು. ಇಷ್ಟು ಸೀಸ ನಾವು ಸುರೀತಿದ್ವಾ ಮಾರಾಯ್ತಿ?’

ಅಲ್ಲಿಗೆ ಅನುಮಾನ ಬಗೆಹರಿಯಿತು. ಅದು ಮೂಲಮಾದರಿಯೇ, ಯಾರೋ ಮುಂದೆ ರಿಪೇರಿ ಮಾಡಿದ್ದಾರೆ. ಉಳಿದ ಐದು ಎಲ್ಲಿವೆಯೋ. ಪ್ರತಿ ಚೀಲ ಬಿಚ್ಚುವಾಗಲೂ ಅವು ನೆನಪಾಗುತ್ತವೆ ಎನ್ನುತ್ತಾರೆ ನೀಲಾಂಬಿಕ.

ಬೋರ್ಡನ್ನು ಸದ್ಯ ಯಾರಿಗೂ ಕೊಡುವುದಿಲ್ಲವಂತೆ. ಚಾಲೂ ಮಾಡಲು ಒಂದು ಚಿಪ್ ಸಿಗಬೇಕಿದೆ.

‘ಸಿಕ್ಕ ದಿನ ಲೋಕಕ್ಕನ್ನ ಕರ್ಕೊಂಡು ಬರ್ತೀನ್ರೀ, ಎದುರಿಗೇ ಕೂರ್ಸ್ತೀನಿ. ಸ್ಕ್ರೀನ್ ಬೆಳಗಿದ್ದು ಆಕೆಗೆ ಗೊತ್ತಾಗ್ತೈತಿ. ಏನು ಮೂಡೈತಿ ಅಂತ ನಾನು ಓದಿ ಹೇಳ್ತೀನಿ.’