ಪಿಯಾನೋದ ಮುಚ್ಚಳ

ಅವರ ಕೊರಳಿನ ಬುಡದಲ್ಲಿ, ಎರಡು ಎಲುಬು ಕೂಡುವ ಕಡೆ, ಹೆಬ್ಬೆರಳು ಊರಿ ತೆಗೆದಂಥ ಒಂದು ಗುಳಿ ಇತ್ತು. ಹಾಡು ಶುರುವಾಗುವ ಮೊದಲು ಅದು ಒಮ್ಮೆ ಒಳಗೆ ಸರಿಯುತ್ತಿತ್ತು. ಆ ಕ್ಷಣಕ್ಕೆ ಸರಿಯಾಗಿ ನನ್ನ ಬೆರಳು ಪಿಯಾನೋದ ಮೇಲೆ ಇಳಿಯಬೇಕು. ಹನ್ನೊಂದು ವರ್ಷ ನಾನು ಅವರ ಹಾಡಿಗೆ ಪಿಯಾನೋ ನುಡಿಸಿದೆ. ಅಷ್ಟೂ ವರ್ಷ ಅವರ ಮುಖಕ್ಕಿಂತ ಹೆಚ್ಚಾಗಿ ಆ ಗುಳಿಯನ್ನೇ ನೋಡಿದ್ದೇನೆ.

ಎಲ್ಲರಿಗೂ ಅವರು ಹಾಡಿನ ಬಾಯಾರು. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಮನೆ. ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ, ಹಾಡುವುದು ಜರ್ಮನ್. ಹುಡುಗಿಯಾಗಿದ್ದಾಗ ಕಾನ್ವೆಂಟಿನ ಒಬ್ಬ ಮುದಿ ಸಿಸ್ಟರ್ ಹತ್ತಿರ ಕಲಿತದ್ದಂತೆ. ಒಂದು ಕಂಠ, ಒಂದು ಪಿಯಾನೋ, ಒಂದು ಸಣ್ಣ ಕವಿತೆ, ಮೂರೋ ನಾಲ್ಕೋ ನಿಮಿಷ: ಅವರ ಕಲೆ ಇಷ್ಟೇ. ಆಲಾಪವಿಲ್ಲ, ತಾನಗಳಿಲ್ಲ, ಕೈ ಎತ್ತುವುದಿಲ್ಲ. ನಿಂತು, ಒಂದು ಕೈಯನ್ನು ಪಿಯಾನೋದ ಮೇಲಿಟ್ಟು, ಪಕ್ಕದಲ್ಲಿ ಕೂತವರಿಗೆ ಏನೋ ಹೇಳುವವರ ಹಾಗೆ ಹಾಡುತ್ತಿದ್ದರು. ಮೊದಲ ಸಲ ಕೇಳಿದಾಗ, ಇವರು ಇನ್ನೂ ಶುರು ಮಾಡಿಲ್ಲ ಎಂದು ನಾನು ಕಾಯುತ್ತ ಕೂತಿದ್ದೆ. ಹಾಡು ಮುಗಿದಾಗ ಕಣ್ಣಲ್ಲಿ ನೀರಿತ್ತು. ಯಾಕೆಂದು ತಿಳಿಯಲಿಲ್ಲ.

ನಾನಾಗ ಬಿ.ಕಾಂ. ಓದುತ್ತಿದ್ದೆ. ಪೀರನವಾಡಿಯ ನಮ್ಮ ಮನೆಯಲ್ಲಿ ಅಜ್ಜನ ಭಜನಿಯ ಹಾರ್ಮೋನಿಯಂ ಪೆಟ್ಟಿಗೆ ಇತ್ತು, ಅದರಲ್ಲಿ ಅಷ್ಟಿಷ್ಟು ಬೆರಳು ಪಳಗಿತ್ತು. ಅವ್ವ ಬಾಯಾರ ಶಾಲೆಯ ವಸತಿಗೃಹದಲ್ಲಿ ಅಡುಗೆ ಮಾಡುತ್ತಿದ್ದಳು. ಅವಳೇ ನನ್ನನ್ನು ಕರೆದುಕೊಂಡು ಹೋದದ್ದು.

"ಏನ್ ಬಾರಸ್ತಿ, ತೋರ್ಸು," ಎಂದರು ಬಾಯಾರು. ನನಗೆ ಬರುತ್ತಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಬಾರಿಸಿದೆ.

"ಅಡ್ಡಿಯಿಲ್ಲ. ಇಷ್ಟೊತ್ತು ನಿನ್ನ ಬೆರಳ ಕಂಡೂವು. ಇನ್ನ ಅವು ಕಾಣದಂಗ ಬಾರಸೂದು ಕಲಿಯೂಣು. ನಾಳಿಂದ ಬಾ, ತಂಗಿ."

ಅವರ ಕಟ್ಟಳೆಗಳು ನಾಲ್ಕು. ಮೈಕು ಬೇಡ. ನಡುವೆ ಚಪ್ಪಾಳೆ ಬೇಡ, ಎಲ್ಲ ಕೊನೆಗೆ. ಮೂರನೆಯದು, ಸಭೆಯಲ್ಲಿ ಎಷ್ಟೇ ಜನ ಇರಲಿ, ಒಬ್ಬರಿಗೆ ಮಾತ್ರ ಹಾಡುವುದು. ಪ್ರತಿ ಸಲ ಬಾಗಿಲಲ್ಲಿ ನಿಂತು ಬಂದವರನ್ನು ನೋಡಿ ಒಬ್ಬರನ್ನು ಆರಿಸಿಕೊಳ್ಳುತ್ತಿದ್ದರು. "ಊರಿಗೆಲ್ಲ ಹಾಡಿದ್ರ ಯಾರಿಗೂ ಮುಟ್ಟೂದಿಲ್ಲ. ಒಬ್ಬರಿಗೆ ಹಾಡು, ಉಳಿದವರು ಕದ್ದು ಕೇಳ್ತಾರ." ನಾಲ್ಕನೆಯದು ನನಗೆ: ನುಡಿಸಿ ಏಳುವಾಗ ಪಿಯಾನೋದ ಮುಚ್ಚಳ ಮುಚ್ಚಿಯೇ ಏಳಬೇಕು. "ತೆರದಿಟ್ಟು ಎದ್ರ ಇಲಿ ಬಂದು ಕುಂದರ್ತಾವ. ಅವು ನಿನಗಿಂತ ಚಲೋ ಬಾರಸಿದ್ರ ನಾ ಏನ್ ಮಾಡ್ಲಿ?" ಮರೆತು ಎದ್ದರೆ ಬಾಗಿಲಿನಿಂದ ವಾಪಸು ಕರೆದು ಮುಚ್ಚಿಸುತ್ತಿದ್ದರು. ಎರಡು ವರ್ಷದಲ್ಲಿ ನನ್ನ ಕೈ ನನ್ನನ್ನು ಕೇಳದೆಯೇ ಆ ಕೆಲಸ ಮಾಡತೊಡಗಿತು.

ಮುಂದೆ ನನಗೆ ಉದ್ಯಮಬಾಗದ ಒಂದು ಫೌಂಡ್ರಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ದಿನವಿಡೀ ಕಬ್ಬಿಣದ ಸದ್ದು. ಸಂಜೆ ಕ್ಯಾಂಪಿಗೆ ಹೋಗಿ ಬಾಯಾರ ಪಕ್ಕ ಕೂತರೆ ಕಿವಿ ತೊಳೆದ ಹಾಗಾಗುತ್ತಿತ್ತು. ಜರ್ಮನ್ ಹಾಡುಗಳಿಗೆ ಅವರು ತಾವೇ ಕನ್ನಡ ಮಾತು ಕೂಡಿಸುತ್ತಿದ್ದರು. ಮೊದಲು ಮೂಲ, ಕೊನೆಯ ನುಡಿ ನಮ್ಮ ಮಾತಿನಲ್ಲಿ. ಒಂದು ಪದ ರಾಗಕ್ಕೆ ಕೂಡದಿದ್ದರೆ ವಾರಗಟ್ಟಲೆ ಅದನ್ನೇ ಬಾಯಲ್ಲಿ ಆಡಿಸುತ್ತ ತಿರುಗುವರು, ಮೆಂತ್ಯಪಲ್ಲೆ ಸೋಸುವಾಗಲೂ. "ಮಾತು ತಿಳೀಬೇಕು. ಧ್ವನಿ ಅಂದ್ರ ಬರೇ ಬಂಡಿ. ಬಂಡಿ ನೋಡಾಕ ಯಾರೂ ಬರೂದಿಲ್ಲ, ಒಳಗ ಯಾರ್ ಕುಂತಾರ ನೋಡಾಕ ಬರ್ತಾರ."

ಖಾನಾಪುರದ ಕಾರ್ಯಕ್ರಮ ಮೂರು ವರ್ಷದ ಹಿಂದಿನದು. ಅಲ್ಲಿನ ಒಂದು ಹಳೆಯ ಸಭಾಗೃಹ. ಕಲ್ಲಿನ ಗೋಡೆ, ಹಂಚಿನ ಮಾಡು, ಯಾವ ಕಾಲದಲ್ಲೋ ಗೋವಾದಿಂದ ತರಿಸಿದ ಒಂದು ಪಿಯಾನೋ. ಪಡುವಣ ಸೂರಿನ ಕೆಳಗೆ, ಹೊರಗೆ, ಮೊರದಷ್ಟು ದೊಡ್ಡ ಹೆಜ್ಜೇನಿನ ಹುಟ್ಟು ತೂಗುತ್ತಿತ್ತು. ಪ್ರತಿ ವರ್ಷ ಬರುತ್ತವೆ, ಹೋಗುತ್ತವೆ, ಯಾರಿಗೂ ಏನೂ ಮಾಡಿಲ್ಲ ಎಂದು ಅಲ್ಲಿನ ಕಾರ್ಯದರ್ಶಿಗಳು ಅಭಿಮಾನದಿಂದ ತೋರಿಸಿದರು. ಆಮೇಲೆ ಮೈಕಿನ ವಿಷಯ ಎತ್ತಿದರು.

"ಬಾಯಾರ, ಮೈಕ್ ಇಲ್ಲಂದ್ರ ಹಿಂದಿನವ್ರಿಗೆ ಕೇಳೂದಿಲ್ಲ್ರಿ."

"ಕೇಳಲಿಲ್ಲಂದ್ರ ಸುಮ್ಮನಾಗ್ತಾರ. ಸುಮ್ಮನಾದ್ರ ಕೇಳ್ತೈತಿ."

ಅವ್ವನೂ ಬಂದಿದ್ದಳು. ಜೇನಿನ ಹುಟ್ಟು ನೋಡಿ ನಾನು ಅವಳ ತೋಳು ಹಿಡಿದು ಈಚೆಗೆ ಎಳೆದೆ. ಹಿಂದೊಮ್ಮೆ ಹಿತ್ತಲಿನಲ್ಲಿ ಒಂದೇ ಒಂದು ಜೇನುಹುಳ ಕಚ್ಚಿ ಅವಳ ಗಂಟಲು ಕಟ್ಟಿ, ಉಸಿರು ನಿಲ್ಲುವ ಹೊತ್ತಿಗೆ ಆಸ್ಪತ್ರೆ ಮುಟ್ಟಿಸಿದ್ದೆವು. ಮತ್ತೊಮ್ಮೆ ಕಚ್ಚಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಾಯಾರಿಗೂ ಇದು ಗೊತ್ತಿತ್ತು. ಅವರೇ ಅವ್ವನನ್ನು ಹುಟ್ಟಿನಿಂದ ದೂರ, ಮುಂದೆ ಎರಡನೆಯ ಸಾಲಿನಲ್ಲಿ ಕೂರಿಸಿ, "ಇವತ್ತ ನಿಮಗಽ ಹಾಡಾಕಿ ನಾ," ಎಂದರು. ಅವ್ವ ನಾಚಿಕೊಂಡು, "ನನಗೇನ್ ತಿಳಿತೈತ್ರಿ ಬಾಯಾರ," ಎಂದಳು.

ಆದ ತಪ್ಪು ಇದು. ಮಾಡಿನಲ್ಲಿ ಬಾವಲಿಗಳಿದ್ದವು. ಅವುಗಳ ವಾಸನೆ ಅತಿಥಿಗಳ ಮೂಗಿಗೆ ಬಡಿಯಬಾರದೆಂದು, ಜವಾನ ಕೆಂಡದ ಶಗಡಿಗೆ ಹಿಡಿ ತುಂಬ ಲೋಬಾನ ಹಾಕಿ ಪಡುವಣ ಕಿಟಕಿಯ ಹತ್ತಿರ ಇಟ್ಟುಹೋಗಿದ್ದ. ಮರ್ಯಾದೆಗೆ ಮಾಡಿದ ಕೆಲಸ. ಹೊಗೆ ಕಿಟಕಿಯಿಂದ ಹೊರಬಿದ್ದು ನೇರ ಹುಟ್ಟಿಗೆ ಹತ್ತಿತು.

ಮೂರನೆಯದು ದೋಣಿಯ ಹಾಡು. ಹೊಳೆಯ ಈ ದಂಡೆಯಲ್ಲಿ ನಿಂತವಳು ಆ ದಂಡೆಯ ದೋಣಿಯವನನ್ನು ಕರೆಯುತ್ತಾಳೆ, ಊರು ಏಳದ ಹಾಗೆ ಸಣ್ಣಗೆ. ಜರ್ಮನ್ ನುಡಿ ಮುಗಿದು ಕನ್ನಡ ಶುರುವಾಗಿತ್ತು. "ಅಣ್ಣಾ, ದೋಣಿ ತಾ, ಊರು ಮಲಗೈತಿ" ಎಂಬಲ್ಲಿಗೆ ಒಂದು ಹುಳ ನನ್ನ ಎದುರು ಪಿಯಾನೋದ ಕರಿ ಕೀಯ ಮೇಲೆ ಬಂದು ಕೂತಿತು. ಇನ್ನೊಂದು. ತಲೆ ಎತ್ತಿದರೆ ಕಿಟಕಿಯ ಮೇಲಿನ ಸಂದಿನಿಂದ ಕಪ್ಪು ನೀರು ಸುರಿದ ಹಾಗೆ ಒಳಗೆ ಇಳಿಯುತ್ತಿದ್ದವು. ಟ್ಯೂಬ್‌ಲೈಟುಗಳ ಸುತ್ತ ಆಗಲೇ ಗುಂಯ್ ಎನ್ನುವ ಸದ್ದು. ಕಾರ್ಯದರ್ಶಿಗಳು ಎದ್ದು ನಿಂತು ಬಾಯಿ ತೆರೆದರು.

ಬಾಯಾರು ಅವರತ್ತ ಬರೀ ಅಂಗೈ ತೋರಿಸಿದರು. ಹಾಡು ನಿಲ್ಲಲಿಲ್ಲ. ರಾಗ ಅದೇ, ಲಯ ಅದೇ, ದೋಣಿಯವನನ್ನು ಕರೆದಷ್ಟೇ ಸಣ್ಣ ದನಿ. ಮಾತು ಮಾತ್ರ ಬೇರೆ.

"ಕೂಗಬ್ಯಾಡ್ರೀ, ಕೈ ಬೀಸಬ್ಯಾಡ್ರೀ, ಸೆರಗು ಟವೆಲ್ಲು ತಲಿಗೆ ಹೊದ್ಕೊಳ್ರೀ."

ಸಭೆಯಲ್ಲಿ ನೂರು ಜನರಿದ್ದಿರಬೇಕು. ಒಬ್ಬೊಬ್ಬರಿಗೂ ಒಂದೊಂದು ಅಕ್ಷರವೂ ಕೇಳಿಸಿತು. ಸೆರಗುಗಳು ಒಂದೊಂದಾಗಿ ತಲೆಯ ಮೇಲೆ ಬಂದವು. ಮೂರನೆಯ ಸಾಲಿನ ಒಬ್ಬ ಮುದುಕರು ಇದೂ ಹಾಡಿನದೇ ಭಾಗವೆಂದು ತಿಳಿದು ಮೆಚ್ಚಿ ತಲೆದೂಗಿದರು.

"ಹಿಂದಿನ ಸಾಲು ಮೊದಲು, ಸಾವಕಾಶ ಏಳ್ರೀ. ಹಳೂ ಹಳೂ ಉಠಾ, ಬೋಲೂ ನಕಾ. ಹಿಂದಿನ ಬಾಗಲಾ ತೆರದೈತಿ."

ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಬಾಗಿಲು ಇದ್ದದ್ದು ಹಿಂದೆ, ಒಂದೇ ಒಂದು, ಇಬ್ಬರು ಹಾಯುವಷ್ಟು ಅಗಲ. ಮುಂದಿನವರು ನುಗ್ಗಿದ್ದರೆ ಅಲ್ಲೇ ತುಳಿದಾಟವಾಗುತ್ತಿತ್ತು. ಹಿಂದಿನ ಸಾಲು ಮೊದಲು ಎಂದರೆ ಅವ್ವ ಕೊನೆಗೆ. ಅದು ಹೊಳೆದ ಕೂಡಲೇ ನನ್ನ ಕಾಲು ಪೆಡಲಿನಿಂದ ಜಾರಿತು, ಸ್ಟೂಲಿನಿಂದ ಅರ್ಧ ಎದ್ದಿದ್ದೆ. ಅವ್ವನನ್ನು ಎಳೆದುಕೊಂಡು ಓಡಬೇಕು, ಉಳಿದವರು ಏನಾದರೂ ಆಗಲಿ. ಅದೇ ನನ್ನ ಮನಸ್ಸಿನಲ್ಲಿ ಇದ್ದದ್ದು.

ಬಾಯಾರು ನನ್ನ ಕಡೆ ತಿರುಗದೆಯೇ ಮುಂದಿನ ಸಾಲು ಹಾಡಿದರು: "ತಂಗಿ, ಕುಂದರು, ಎಡಗೈ ಸಣ್ಣ ಮಾಡು."

ಕೂತೆ. ಎಡಗೈ ಎತ್ತಿಬಿಟ್ಟು ಬಲಗೈ ಒಂದರಲ್ಲೇ ನುಡಿಸಿದೆ. ಆಗ ನೋಡಿದೆ, ಅವರ ಕೊರಳಿನ ಆ ಗುಳಿಯಲ್ಲಿ ಒಂದು ಹುಳ ಕೂತಿತ್ತು. ಅವರು ಉಸಿರು ಎಳೆದಾಗ ಅದು ಒಳಗೆ ಸರಿಯುತ್ತಿತ್ತು, ಬಿಟ್ಟಾಗ ಹೊರಗೆ ಬರುತ್ತಿತ್ತು. ದನಿಯಲ್ಲಿ ಕೂದಲೆಳೆಯಷ್ಟು ನಡುಕವಿಲ್ಲ. ಎಲ್ಲಿ ನುಡಿಸಬೇಕೆಂದು ತಿಳಿಯಲು ನಾನು ಆ ಹುಳವನ್ನೇ ನೋಡಬೇಕಾಯಿತು.

ಅವರ ಕಣ್ಣು ಇದ್ದದ್ದು ಅವ್ವನ ಮೇಲೆ. ಮಾತು ಎಲ್ಲರಿಗೆ, ಹಾಡು ಅವಳೊಬ್ಬಳಿಗೆ. ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕೈ ಎರಡನ್ನೂ ಸೀರೆಯೊಳಗೆ ಮುದುಡಿ, ಅವರನ್ನೇ ನೋಡುತ್ತ ಕೂತಿದ್ದಳು. ಸಾಲುಗಳು ಒಂದೊಂದಾಗಿ ಖಾಲಿಯಾದವು. ಚಪ್ಪಲಿಯ ಸದ್ದು ಸಹ ಇರಲಿಲ್ಲ. ಅವ್ವನ ಸರದಿ ಬಂದಾಗ ಅವಳ ಸೆರಗಿನ ಮೇಲೆ ಎರಡು ಹುಳ ಹರಿದಾಡುತ್ತಿದ್ದವು. ಮೊಣಕಾಲು ನೋವಿನ ಅವಳು ಬಾಗಿಲು ಮುಟ್ಟುವವರೆಗೆ ಬಾಯಾರು ದೋಣಿಯ ಹಾಡಿನ ಕೊನೆಯ ಸಾಲನ್ನು ಮತ್ತೆ ಮತ್ತೆ ಹಾಡಿದರು. ಅವ್ವ ಹೊರಗೆ ಹೋದಳು. ಹೊರಗಿನವರು ಅವಳನ್ನು ಒಂದು ಕಾರಿನೊಳಗೆ ಕೂರಿಸಿ ಗಾಜು ಏರಿಸಿದ್ದು ಬಾಗಿಲಿನಿಂದ ಕಂಡಿತು.

ಉಳಿದವರು ನಾವಿಬ್ಬರು. ಬಾಯಾರು ಹಾಡು ಮುಗಿಸಿ, "ನಡಿ," ಎಂದು ಬರೀ ತುಟಿಯಲ್ಲಿ ಹೇಳಿದರು.

ಎದ್ದೆ. ಏಳುವಾಗ ನನ್ನ ಕೈ ಮುಚ್ಚಳ ಎಳೆದುಬಿಟ್ಟಿತು.

ನಮ್ಮ ಕ್ಯಾಂಪಿನ ಪಿಯಾನೋದ ಮುಚ್ಚಳಕ್ಕೆ ಅಂಚಿನಲ್ಲಿ ಬನಾತಿನ ಮೆತ್ತನೆಯ ಪಟ್ಟಿ ಇತ್ತು. ಖಾನಾಪುರದ್ದಕ್ಕೆ ಇರಲಿಲ್ಲ. ಢಬ್ಬೆಂದು ಬಿತ್ತು. ಒಳಗಿನ ತಂತಿಗಳೆಲ್ಲ ಒಮ್ಮೆಗೇ ಗೊಂಯ್ ಎಂದವು. ಮುಂದಿನದು ನನಗೆ ಪೂರ್ತಿ ನೆನಪಿಲ್ಲ. ನೆನಪಿರುವುದು ಕತ್ತಲೆ. ಬಾಯಾರು ತಮ್ಮ ಸೆರಗನ್ನು ಪೂರಾ ಬಿಚ್ಚಿ ನನ್ನ ತಲೆ ಮುಖಕ್ಕೆ ಸುತ್ತಿ, ಹಿಂದಿನಿಂದ ಅವಚಿಕೊಂಡು ಬಾಗಿಲಿಗೆ ನೂಕುತ್ತಿದ್ದರು. ನನ್ನ ಬೆನ್ನಿಗೆ ಅವರ ಎದೆ ತಾಗಿತ್ತು. ಪ್ರತಿ ಕಡಿತಕ್ಕೂ ಅವರ ಮೈ ಒಮ್ಮೆ ಬೆಚ್ಚುವುದು ನನಗೆ ಗೊತ್ತಾಗುತ್ತಿತ್ತು. ಅವರು ಒಮ್ಮೆಯೂ ಕೂಗಲಿಲ್ಲ.

ನನಗೆ ಕಚ್ಚಿದ್ದು ಒಂದು, ಮಣಿಕಟ್ಟಿಗೆ. ಅವರ ಕೊರಳು, ರೆಪ್ಪೆ, ತೋಳುಗಳಿಂದ ಆಸ್ಪತ್ರೆಯ ನರ್ಸು ಚಿಮಟದಲ್ಲಿ ಮುಳ್ಳು ಕೀಳುತ್ತ ಎಣಿಸುವುದನ್ನು ಬಿಟ್ಟುಬಿಟ್ಟಳು. ನೂರು ಜನರಲ್ಲಿ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಮರುದಿನ ನೋಡಲು ಬಂದ ಆ ಮೂರನೆಯ ಸಾಲಿನ ಮುದುಕರು ಸಂಕೋಚದಿಂದ, "ಜರ್ಮನ್ ಭಾಷಾದಾಗೂ ಸೆರಗಿಗೆ ಸೆರಗಽ ಅಂತಾರ ಅಂತ ತಿಳ್ಕೊಂಡಿದ್ದೆನ್ರಿ ಬಾಯಾರ," ಎಂದರು. ಊದಿ ಮುಚ್ಚಿಹೋದ ಕಣ್ಣಿನಲ್ಲೇ ಬಾಯಾರು ನಕ್ಕರು. "ನಗಸಬ್ಯಾಡ್ರಿ ಅಜ್ಜಾರ, ತುಟಿ ನೋಯ್ತಾವ."

ತಿಂಗಳ ಮೇಲೆ ಖಾನಾಪುರದವರು ಇಬ್ಬರಿಗೂ ಶಾಲು ಹೊದಿಸಿದರು. ಕೊನೆಯವರೆಗೆ ಪಿಯಾನೋ ಬಿಡದ ಧೈರ್ಯವಂತೆ ಎಂದು ನನ್ನನ್ನೂ ಹೊಗಳಿದರು. ನಾನು ಶಾಲು ಹೊದ್ದು ಕೂತೆ. ಆ ಸದ್ದು ಯಾರಿಂದಾಯಿತೆಂದು ಹೊರಗಿದ್ದವರಿಗೆ ಗೊತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ತಡೆಯಲಾಗದೆ ಹೇಳಿದೆ: "ಬಾಯಾರ, ನಾ ಮುಚ್ಚಳ ಮುಚ್ಚಿದ್ದಕ್ಕ ನಿಮಗ ಹಿಂಗಾತು. ಅದಕ್ಕಿಂತ ಮೊದಲ ನಾ ಓಡಾಕೂ ಎದ್ದಿದ್ದೆ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಎದ್ದಿದ್ದು ಕಂಡಿತ್ತು. ಕುಂತದ್ದೂ ಕಂಡೇನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮುಚ್ಚಳಾ ಮುಚ್ಚೂದು ನಾನಽ ಕಲಿಸಿದ್ದು. ಸಪ್ಪಳಿಲ್ಲದ ಮುಚ್ಚೂದು ಕಲಿಸಲಿಲ್ಲ. ಅದು ನನ್ನ ತಪ್ಪು. ನಾಳಿಂದ ಕಲಿಯೂಣು."

ಖರೇನೇ ಕಲಿಸಿದರು. ಮರುದಿನದ ಮೊದಲ ಪಾಠವೇ ಅದು. ಹತ್ತು ಬೆರಳು ಅಂಚಿನ ಕೆಳಗೆ, ಕೊನೆಯ ಬೆರಳಗಲ ಬಂದಾಗ ಉಸಿರು ಹಿಡಿದು, ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತ. ಅವರಿಗೆ ಸಮಾಧಾನವಾಗುವವರೆಗೆ ಮತ್ತೆ ಮತ್ತೆ ಮಾಡಿಸಿದರು. ಕೊರಳಿಗೆ ಬಿದ್ದ ಕಡಿತಗಳಿಂದ ಅವರ ದನಿ ಕೆಳಗಿಳಿದಿತ್ತು. ಹಾಡುಗಳನ್ನೆಲ್ಲ ನಾನು ಕೆಳಗಿನ ಸ್ವರಕ್ಕೆ ಇಳಿಸಿ ಬರೆದೆ. "ಚಲೋ ಆತು, ಇನ್ನೂ ಸಣ್ಣಗ ಹಾಡಬಹುದು," ಎಂದರು. ಹಾಗೆಯೇ ಹಾಡಿದರು, ಇನ್ನೆರಡು ವರ್ಷ.

ನನಗೆ ಈಗಲೂ ಫೌಂಡ್ರಿಯಲ್ಲಿ ಏನಾದರೂ ಬಿದ್ದು ಸದ್ದಾದರೆ ಕೈ ತಲೆಗೆ ಹೋಗುತ್ತದೆ. ಸೆರಗಿನೊಳಗಿನ ಆ ಕತ್ತಲೆ, ಬೆನ್ನಿಗೆ ತಾಗಿ ಬೆಚ್ಚುತ್ತಿದ್ದ ಆ ಮೈ ಮತ್ತೆ ಬರುತ್ತವೆ. ಅವುಗಳ ಹಿಂದೆಯೇ ಆ ದನಿಯೂ ಬರುತ್ತದೆ: ಕುಂದರು, ಎಡಗೈ ಸಣ್ಣ ಮಾಡು. ಕೂರುತ್ತೇನೆ.

ಕಳೆದ ಮಳೆಗಾಲದಲ್ಲಿ ಅವರು ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದ್ದ ಅವರನ್ನು ನೋಡಲು ಅವ್ವನೂ ನಾನೂ ಹೋದೆವು. ಕೊರಳಿನವರೆಗೆ ಬಿಳಿ ಬಟ್ಟೆ ಇತ್ತು, ಆ ಗುಳಿ ಕಾಣುತ್ತಿತ್ತು. ಎಷ್ಟು ಹೊತ್ತು ನೋಡುತ್ತ ನಿಂತೆನೋ, ನನ್ನ ಬೆರಳುಗಳು ತಾವಾಗಿ ಎದ್ದು ಕಾಯುತ್ತಿದ್ದವು.

ಪ್ರಾರ್ಥನೆ ಮುಗಿದು ಪೆಟ್ಟಿಗೆ ಮುಚ್ಚುವ ಹೊತ್ತಾಯಿತು. ಇಬ್ಬರು ಗಂಡಸರು ಮುಚ್ಚಳ ಎತ್ತಿಕೊಂಡು ಬಂದರು. ಅವ್ವ ನನ್ನ ಮೊಣಕೈ ಮುಟ್ಟಿ, "ನೀ ಹಿಡಿ," ಎಂದಳು. ನಾನು ಮುಂದೆ ಹೋಗಿ ತಲೆಯ ಕಡೆಯ ಅಂಚು ಹಿಡಿದೆ. ಗಂಡಸರು ತಡೆಯಲಿಲ್ಲ. ಹತ್ತು ಬೆರಳೂ ಅಂಚಿನ ಕೆಳಗಿಟ್ಟು ಇಳಿಸಿದೆ. ಕೊನೆಯ ಬೆರಳಗಲ ಬಂದಾಗ ಉಸಿರು ಹಿಡಿದು ಒಂದೊಂದೇ ಬೆರಳು ಬಿಡಿಸಿಕೊಂಡೆ.

ಮರಕ್ಕೆ ಮರ ತಾಗಿದ್ದು ಯಾರಿಗೂ ಕೇಳಿಸಲಿಲ್ಲ.