ಜೋಶುವಾನ ಮೂಲೆ ಕಂಪ್ಯೂಟರು

ಜೋಶುವಾ ಸತ್ತ. 2008ರ ಆಗಸ್ಟಿನ ಒಂದು ಮಂಗಳವಾರ ಬೆಳಿಗ್ಗೆ, ನಿದ್ದೆಯಲ್ಲೇ. ಹೃದಯಾಘಾತ ಎಂದರು ಡಾಕ್ಟರು. ವಯಸ್ಸು ನಲವತ್ತೆರಡು.

ವಿಶ್ವನಾಥ್ ಹೋಗುವ ಹೊತ್ತಿಗೆ ಮೈಸೂರಿನ ಗೋಕುಲಂನ ಅವನ ಮನೆಯ ಮುಂದೆ ಶಾಮಿಯಾನ ಹಾಕುತ್ತಿದ್ದರು. ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯ. ಹಿಂದಿನ ಸಂಜೆಯಷ್ಟೇ ಮಾತಾಡಿದ್ದ. ವಿಶ್ವನಾಥನಿಗೆ ಅಳು ಬರಲಿಲ್ಲ. ಒಳಗೆ ಜೋಶುವಾನ ಹೆಂಡತಿ ಜೋಸೆಫಿನ್ ಅವನ ಷರಟಿನ ಕಾಲರನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು.

ಎದುರುಮನೆಯ ಪ್ರಭುಸ್ವಾಮಿ ಪಕ್ಕದ ಕುರ್ಚಿಗೆ ಬಂದು ಕೂತು ದನಿ ತಗ್ಗಿಸಿದರು.

"ಬ್ರೌಸಿಂಗ್ ಸೆಂಟರಲ್ಲಿ ಕಳ್ಳ ನೆಟ್ ಇಟ್ಕೊಂಡಿದ್ನಂತೆ ಕಣ್ರೀ. ಬಂದೂಕು, ಗಾಂಜಾ ಎಲ್ಲಾ ಅದ್ರಲ್ಲೇ ವ್ಯಾಪಾರವಂತೆ. ಪೊಲೀಸ್ರ ಭಯಕ್ಕೇ ಎದೆ ಒಡ್ಕೊಂಡ."

"ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕು? ಮೂಲೆ ಕಂಪ್ಯೂಟರಲ್ಲಿ ಈರುಳ್ಳಿ ಚಿತ್ರ ನಾನೇ ಕಂಡಿದೀನಿ. ಒಳ್ಳೇ ಕೆಲಸಕ್ಕೆ ಯಾರ್ರೀ ಬಚ್ಚಿಟ್ಕೋತಾರೆ?"

ವಿಶ್ವನಾಥ್ ತೆರೆದ ಬಾಯಿ ಮುಚ್ಚಿಕೊಂಡ. ನಿಜ ಹೇಳಿದರೆ ರಾಮಕೃಷ್ಣನಗರದ ತನ್ನ ಮನೆಯ ಮಹಡಿಯಲ್ಲಿರುವ ಹುಡುಗಿಯ ಸುಳಿವು ಕೊಟ್ಟಂತಾಗುತ್ತಿತ್ತು.

ಜೋಶುವಾ ಬ್ರೌಸಿಂಗ್ ಸೆಂಟರ್ ತೆರೆದದ್ದು ತೊಂಬತ್ತೊಂಬತ್ತರಲ್ಲಿ. ಯೋಗ ಕಲಿಯಲು ಬಂದ ವಿದೇಶಿಯರು ಮೇಲ್ ನೋಡಲು ಬರುತ್ತಿದ್ದರು, ಬೀದಿಯವರು ಬಯೋಡೇಟಾ, ಲಗ್ನಪತ್ರಿಕೆ ಮಾಡಿಸಲು. ಕರೆಂಟು ಹೋದರೆ ವಿದೇಶಿಯರಿಗೆ, "ಇದೇ ಶವಾಸನ, ಹಂಗೇ ಇರಿ" ಎನ್ನುತ್ತಿದ್ದ.

ಆ ಹುಡುಗಿಯೂ ಹಾಗೆ ಬಂದವಳೇ. ಅವಳ ಹೆಸರು ಬೇಡ, ದೇಶವೂ ಬೇಡ. ಅವಳ ಅಣ್ಣನನ್ನು ಅಲ್ಲಿನ ಸರ್ಕಾರ ಜೈಲಿಗೆ ಹಾಕಿತ್ತು. ಅವನ ವಿಷಯವನ್ನು ಹೊರದೇಶದ ಪತ್ರಿಕೆಗಳಿಗೆ ಬರೆಯಬೇಕು. ತಾನೆಲ್ಲಿದ್ದೇನೆಂದು ಅಲ್ಲಿಯವರಿಗೆ ತಿಳಿಯಬಾರದು. ಜೋಶುವಾನನ್ನು ಕೇಳಿಯೇ ಮೂಲೆ ಕಂಪ್ಯೂಟರಿಗೆ, ನೆಟ್ಟಿನಲ್ಲಿ ಎಲ್ಲಿಂದ ಬರೆಯುತ್ತಿದ್ದಾರೆಂಬುದನ್ನು ಮರೆಮಾಡುವ ಆ ಈರುಳ್ಳಿ ಚಿತ್ರದ ಪ್ರೋಗ್ರಾಂ ಹಾಕಿಕೊಂಡಳು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು ಅದು.

"ಕಾಗದ ಮೂರು ಜನದ ಕೈ ದಾಟಿ ಹೋಗತ್ತೆ ಅಂತಿಟ್ಕೋ," ಎಂದು ಜೋಶುವಾ ಗೆಳೆಯನಿಗೆ ವಿವರಿಸಿದ್ದ. "ಒಬ್ಬೊಬ್ಬನಿಗೂ ಹಿಂದಿನವನು, ಮುಂದಿನವನು, ಅಷ್ಟೇ ಗೊತ್ತು. ಪೂರ್ತಿ ದಾರಿ ಯಾವನಿಗೂ ಗೊತ್ತಿಲ್ಲ."

"ಕಳ್ಳರಿಗೆ ಹಬ್ಬ ಅನ್ನು."

"ಕಳ್ಳ ಸಿಟಿ ಬಸ್ಸಲ್ಲೂ ಓಡಾಡ್ತಾನೆ ಕಣೋ. ಬಸ್ ನಿಲ್ಲಿಸ್ಬುಡ್ತೀಯಾ? ಈ ಹುಡುಗೀನ ಇನ್ನು ದೇವರಿಗೂ ಹುಡುಕೋಕಾಗಲ್ಲ, ನೋಡ್ತಿರು."

ಪ್ರಭುಸ್ವಾಮಿ ತಪ್ಪು ತಿಳಿದದ್ದು ಒಂದು ಬಗೆಯಾದರೆ, ಜೋಶುವಾ ತಪ್ಪು ತಿಳಿದದ್ದು ಇನ್ನೊಂದು ಬಗೆ.

ಸಾಯುವ ಎರಡು ದಿನ ಮೊದಲು, ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಜೋಶುವಾ ಸೆಂಟರ್ ತೆರೆದಾಗ ಫೋನ್ ಬಂತು. ಗುರುತಿಲ್ಲದ ಗಂಡಸಿನ ದನಿ, ಇಂಗ್ಲಿಷಿನಲ್ಲಿ. ಅದು ಹುಡುಗಿಯ ಹೆಸರು ಹೇಳಿ ಕೇಳಿತು. ಅಣ್ಣನ ಹೆಸರನ್ನೂ ಹೇಳಿತು.

ಇಲ್ಲಿನ ನಂಬರು ಸಿಕ್ಕಿದ್ದಾದರೂ ಹೇಗೆ? ಅವಳು ಪತ್ರಿಕೆಗಳಿಗೆ ಕಳಿಸಿದ್ದ ಬರಹವನ್ನು ಜೋಶುವಾ ಮೂಲೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಹಾಳೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಜೋಶುವಾ ಕಂಪ್ಯೂಟರ್ಸ್, ಗೋಕುಲಂ, ಮೈಸೂರು, ಫೋನ್ ನಂಬರು. ಲಗ್ನಪತ್ರಿಕೆಯಿಂದ ಬಯೋಡೇಟಾದವರೆಗೆ ತನ್ನಲ್ಲಿ ಟೈಪಾದ ಪ್ರತಿ ಹಾಳೆಗೂ ಆ ಸಾಲು ತಾನಾಗಿ ಬೀಳುವಂತೆ ಅವನೇ ಮಾಡಿಟ್ಟಿದ್ದ. ಊರಿನ ಸೆಂಟರಿನವರೆಲ್ಲ ಹಾಗೇ ಮಾಡುತ್ತಿದ್ದರು. ಹುಡುಗಿ ಗಮನಿಸಿರಲಿಲ್ಲ. ಹಾಳೆ ಹೋದ ದಾರಿಯನ್ನು ಪ್ರೋಗ್ರಾಂ ಮರೆಮಾಡಿತ್ತು. ಹಾಳೆಯಲ್ಲಿ ಬರೆದದ್ದನ್ನು ಮರೆಮಾಡುವುದು ಅದರ ಕೆಲಸವೇ ಅಲ್ಲ.

ಮಧ್ಯಾಹ್ನವೇ ಸ್ಕೂಟರಿನಲ್ಲಿ ಅವಳನ್ನು ವಿಶ್ವನಾಥನ ಮನೆಗೆ ಕರೆತಂದ. ವಿಶ್ವನಾಥನ ತಾಯಿ ಮಹದೇವಮ್ಮ ಎಲ್ಲ ಕೇಳಿಸಿಕೊಂಡು, "ಸಾರಿಗೆ ಖಾರ ಕಮ್ಮಿ ಹಾಕ್ಬೇಕೇನಪ್ಪ?" ಎಂದರು, ಅಷ್ಟೇ.

ಸೋಮವಾರ ಸಂಜೆ ವಿಶ್ವನಾಥ್ ಸೆಂಟರಿಗೆ ಹೋದಾಗ ಜೋಶುವಾ ಒಂದೊಂದೇ ಕಂಪ್ಯೂಟರಿನಿಂದ ಆ ಸಾಲು ಅಳಿಸುತ್ತಿದ್ದ. ಮುಖ ಬಿಳಿಚಿತ್ತು, ಫ್ಯಾನಿನ ಕೆಳಗೂ ಬೆವರು.

"ಮತ್ತೆ ಫೋನ್ ಬಂತಾ?"

"ಬಂತು. ಗೋಕುಲಂನಲ್ಲಿ ಎಲ್ಲಿ ಬರತ್ತೆ ಅಂದ. ಅಂಗಡಿ ಮುಚ್ಚಿ ವರ್ಷ ಆಯ್ತು ಅಂದ್ಬುಟ್ಟೆ."

"ನಂಬಿದ್ನಾ?"

ಜೋಶುವಾ ಸ್ಟೂಲು, ಸ್ಕ್ರೂಡ್ರೈವರು ತೆಗೆದುಕೊಂಡು ಹೊರಗೆ ಬಂದ.

"ಬೋರ್ಡು ನಾಳೆ ಇಳಿಸೋಣ ಬಾರೋ, ಸುಸ್ತಾಗಿದೀಯ."

"ಇವತ್ತೇ ಯಾರಾದ್ರೂ ಬಂದ್ಬುಟ್ರೆ? ಸ್ಟೂಲ್ ಹಿಡ್ಕೋ."

ಒಂದೊಂದೇ ಸ್ಕ್ರೂ ಬಿಚ್ಚಿ ತನ್ನ ಹೆಸರಿನ ಬೋರ್ಡನ್ನು ಕೆಳಗಿಳಿಸಿದ. ಒಳಗೆ ಒಯ್ದು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಷಟರ್ ಎಳೆದ.