ಮೂರು ದಿನದ ಹಲಗೆ

ನನ್ನ ಹೆಂಡತಿಯ ಪ್ರಕಾರ ಜಗತ್ತಿನಲ್ಲಿ ನನಗೆ ಗೊತ್ತಿರುವ ಬಣ್ಣಗಳು ನಾಲ್ಕೇ: ಕಪ್ಪು, ಬಿಳಿ, ಕೆಂಪು ಮತ್ತು 'ಅದೇ, ಆ ಥರದ್ದು'. ಹಾಗಾಗಿ ನಮ್ಮ ಅಡುಗೆಮನೆಯ ಕಪಾಟುಗಳಿಗೆ ಹೊಸ ಬಣ್ಣ ಹೊಡೆಸುವುದೆಂದು ಮನೆಯಲ್ಲಿ ತೀರ್ಮಾನವಾದಾಗ ನನ್ನ ಪಾಲಿಗೆ ಬಂದ ಕೆಲಸ ಒಂದೇ, ಬಣ್ಣದಣ್ಣನನ್ನು ಕರೆದುಕೊಂಡು ಬರುವುದು. ಅದನ್ನು ನಾನು ಸರಿಯಾಗಿಯೇ ಮಾಡಿದೆ. ಆಮೇಲೆ ಮಾಡಿದ್ದೆಲ್ಲ ತಪ್ಪು.

ಬಣ್ಣದಣ್ಣ ನಮ್ಮ ಬೀದಿಯ ಕೊನೆಯ ಮನೆಯವನು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವನನ್ನು 'ಅಣ್ಣ, ನೀನು' ಎಂದೇ ಮಾತಾಡಿಸುತ್ತಿದ್ದೆ. ಅವನು ನನ್ನನ್ನು ಕರೆಯುತ್ತಿದ್ದುದು 'ಹುಳು' ಎಂದು. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕದ ಹುಳು ಎಂಬುದರಲ್ಲಿ ಅವನು ಪುಸ್ತಕವನ್ನು ತೆಗೆದುಬಿಟ್ಟು ಹುಳುವನ್ನಷ್ಟೇ ಉಳಿಸಿಕೊಂಡಿದ್ದ. ಅವನಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಅಪ್ಪನ ಡಬ್ಬಿ ತೊಳೆಯುತ್ತಾ ಕಲಿತ ವಿದ್ಯೆಯನ್ನು ಬಣ್ಣದಣ್ಣ ಮನೆಗಳ ಒಳಗೆ ತಂದ. ಗೋಡೆ ಯಾರು ಬೇಕಾದರೂ ಬಳಿಯಲಿ, ಕಪಾಟು ಮಾತ್ರ ನಾನೇ ಅನ್ನುವ ಜಂಬ. "ಗೋಡೆ ದೂರದ ನೆಂಟ ಕಣೋ. ಕಪಾಟು ಹಾಗಲ್ಲ. ದಿನಕ್ಕೆ ನಲವತ್ತು ಸಲ ಮುಟ್ತಾರೆ."

ಅವನಿಗೆ ಎರಡು ನಿಯಮಗಳಿದ್ದವು. ಒಂದು, ಕೆಲಸಕ್ಕೆ ಬರುವಾಗ ಬಿಳಿ ಅಂಗಿಯನ್ನೇ ಹಾಕುವುದು, ಮತ್ತು ಅದರ ಮೇಲೆ ಒಂದು ತೊಟ್ಟೂ ಬೀಳಿಸದೆ ಮನೆಗೆ ಹೋಗುವುದು. ಆ ಅಂಗಿಯನ್ನು ಹೆಂಡತಿಗೂ ಮುಟ್ಟಗೊಡದೆ ತಾನೇ ಒಗೆದು, ನೀಲಿ ನೀರಿಗೆ ಅದ್ದಿ, ಒಣಹಾಕುತ್ತಿದ್ದ. ಇನ್ನೊಂದು, ಹಲಗೆ. ಅಂಗಡಿಯವರು ಕೊಡುವ ಬಣ್ಣದ ಕಾರ್ಡನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮನೆಯವರ ಬಾಯಿಂದ ಬೇಕಾದ ಬಣ್ಣದ ವರ್ಣನೆ ಕೇಳಿಕೊಂಡು ಹೋಗಿ, ಬಿಳಿ ಎನಾಮೆಲ್‌ಗೆ ಟ್ಯೂಬುಗಳಿಂದ ಹನಿ ಹನಿ ಬೆರೆಸಿ, ಮೊಳದುದ್ದದ ಹಲಗೆಗೆ ಬಳಿದು ತಂದು ಅಡುಗೆಮನೆಯಲ್ಲಿ ನಿಲ್ಲಿಸುತ್ತಿದ್ದ. ಹಲಗೆ ಮೂರು ದಿನ ಅಲ್ಲೇ ಇರಬೇಕು. ಬೆಳಗಿನ ಬಿಸಿಲಲ್ಲಿ, ಮಧ್ಯಾಹ್ನದ ಹೊಗೆಯಲ್ಲಿ, ಸಂಜೆ ಟ್ಯೂಬ್‌ಲೈಟಲ್ಲಿ ನೋಡಬೇಕು. ನಾಲ್ಕನೇ ದಿನ ಅವನು ಬಂದು ಕೇಳುತ್ತಾನೆ, ನಾವು ಹೇಳಬೇಕು.

"ಹಲಗೆ ಇರೋದೇ ಬೈಯೋಕೆ," ಎನ್ನುತ್ತಿದ್ದ. "ಹಲಗೆ ಮುಂದೆ ಮಾತ್ರ ಸುಳ್ಳು ಹೇಳಬೇಡಿ. ಬೇರೆ ಎಲ್ಲಿ ಬೇಕಾದ್ರೂ ಹೇಳ್ಕೊಳ್ಳಿ."

ಇಂಥವನು ಬಂದು ನಮ್ಮ ಅಡುಗೆಮನೆಯ ನಡುವೆ ನಿಂತ. ಹೆಂಡತಿ ಹೇಳಿದಳು, "ಅಣ್ಣ, ಬಿಳಿ ಬೇಡ. ಹಳದಿನೂ ಬೇಡ. ಕಾಯಿಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತಲ್ಲ, ಆ ಕೆನೆ."

"ಮೊದಲನೇ ಕೆನೆಯೋ, ಎರಡನೇ ಸಲ ಕಾಯಿಸಿದ್ದೋ?"

"ಎರಡನೇದು."

"ಭೇಷ್ ತಂಗಿ! ಇಂಥ ಬಾಯಿ ಇರೋ ಗಿರಾಕಿ ಸಿಗಲ್ಲ. ಏನೋ ಹುಳು, ನಿಂಗೇನಾದ್ರೂ ಅರ್ಥ ಆಯ್ತಾ?"

"ಅದೇ, ಆ ಥರದ್ದು," ಎಂದೆ.

ಎರಡು ದಿನ ಬಿಟ್ಟು ಹಲಗೆ ಬಂತು. ಬಣ್ಣದಣ್ಣ ಅದನ್ನು ಒಲೆಯ ಪಕ್ಕ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ತನಗೆ ತಾನೇ ನಕ್ಕು ಹೋದ. ಅವನು ಗೇಟು ದಾಟುವವರೆಗೂ ಹೆಂಡತಿ ಉಸಿರು ಬಿಡಲಿಲ್ಲ.

"ಇದು ಕೆನೆಯಾ?"

ನನ್ನ ನಾಲ್ಕು ಬಣ್ಣದ ಕಣ್ಣಿಗೂ ಅದು ಕೆನೆಯಾಗಿ ಕಾಣಲಿಲ್ಲ. ಲೀಟರು ಹಾಲಿಗೆ ನಾಲ್ಕು ಲೀಟರು ನೀರು ಬೆರೆಸಿದರೆ ಅಂಚಿನಲ್ಲಿ ಒಂದು ನೀಲಿ ಕಾಣುತ್ತದಲ್ಲ, ಅದು. ಆಸ್ಪತ್ರೆಯ ಮಂಚದ ಬಣ್ಣ. ಬೆಳಿಗ್ಗೆ ನೋಡಿದರೂ ನೀಲಿ, ಮಧ್ಯಾಹ್ನ ನೋಡಿದರೂ ನೀಲಿ, ಟ್ಯೂಬ್‌ಲೈಟಿನಲ್ಲಂತೂ ಪಕ್ಕದಲ್ಲಿಟ್ಟ ಅನ್ನವೂ ನೀಲಿ.

"ನೀವೇ ಹೇಳಿಬಿಡಿ. ನಿಮ್ಮ ಅಣ್ಣ ತಾನೆ," ಎಂದಳು ಹೆಂಡತಿ.

ನಾಲ್ಕನೇ ದಿನ ಬಣ್ಣದಣ್ಣ ಬಂದ. ನಾನು ಬೆಳಗಿನಿಂದ ಮೂರು ವಾಕ್ಯ ತಯಾರಿ ಮಾಡಿಕೊಂಡಿದ್ದೆ. ಅವನು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇಪ್ಪತ್ತಾರು ವರ್ಷದಲ್ಲಿ ಇಂಥ ಕೆನೆ ನಾನೇ ಬೆರೆಸಿಲ್ಲ ಕಣೋ. ಹೇಳು, ಹೆಂಗಿದೆ?" ಎಂದು ಮುಖ ಮೇಲೆತ್ತಿದ. ಆ ಮುಖ ನೋಡಿ ನನ್ನ ಮೂರು ವಾಕ್ಯವೂ ಹೊಟ್ಟೆಗೆ ವಾಪಸು ಹೋದವು.

"ಬಹಳ ಚೆನ್ನಾಗಿದೆ ಅಣ್ಣ."

"ನೋಡ್ಕೊಂಡು ಹೇಳು. ಹಲಗೆ ಮುಂದೆ ಇದೀಯ."

"ದೇವರಾಣೆ," ಎಂದುಬಿಟ್ಟೆ. ಹೇಡಿಗೆ ಸುಳ್ಳು ಸಾಲುವುದಿಲ್ಲ, ಮೇಲೆ ಆಣೆಯೂ ಬೇಕು.

ಒಂದು ವಾರ ಕೆಲಸ ನಡೆಯಿತು. ಹಳೆಯ ಬಣ್ಣ ಕೆರೆದು, ಉಪ್ಪುಕಾಗದ ಉಜ್ಜಿ, ಹದಿನಾರು ಬಾಗಿಲಿಗೂ ಬ್ರಷ್ಷಿನಲ್ಲೇ ಎರಡು ಕೋಟು. ಬ್ರಷ್ಷಿನ ಒಂದು ಗೆರೆಯೂ ಕೈಗೆ ಸಿಗದ ಹಾಗೆ ಎಳೆಯುವುದು ಅವನ ಕಸುಬಿನ ಗುಟ್ಟು. ಕೊನೆಗೆ, ಬಣ್ಣ ಕಲಕಿದ ಕಡ್ಡಿಯನ್ನು ಒಣಗಿಸಿ, ಅದರ ಮೇಲೆ 'ಹುಳು' ಎಂದು ಬರೆದು, ತಂತಿಯ ಬಳೆಗೆ ಪೋಣಿಸಿಕೊಂಡ. ಆ ಬಳೆಯಲ್ಲಿ ಬೀದಿಯ ಎಲ್ಲ ಅಡುಗೆಮನೆಗಳೂ ಇದ್ದವು. ಉಳಿದ ಬಣ್ಣವನ್ನು ಒಂದು ಸಣ್ಣ ಸೀಸೆಗೆ ತುಂಬಿ ತೆಗೆದುಕೊಂಡು ಹೋದ. ಎಂದಾದರೂ ಕಪಾಟು ತರಚಿದರೆ ತಾನೇ ಬಂದು ಹಚ್ಚಿಕೊಡುವುದು ವಾಡಿಕೆ.

ಹೆಂಡತಿ ಆ ಸಂಜೆ ಅಡುಗೆಮನೆಯ ಬಾಗಿಲಲ್ಲೇ ಕೂತಳು. "ಇಲ್ಲಿ ಅಡುಗೆ ಮಾಡೋಕೆ ನರ್ಸಮ್ಮನ್ನ ಕರೀರಿ," ಎಂದಳು.

ಮರುದಿನ ಹಿಂಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಬಣ್ಣದಣ್ಣನ ಬಾಮೈದ. ಅಕ್ಕನ ಮದುವೆಯಾದ ವರ್ಷ ನಾಲ್ಕು ದಿನಕ್ಕೆಂದು ಬಂದು ಅಲ್ಲೇ ಉಳಿದವನು, ಭಾವನ ಕೈಕೆಳಗೇ ಕೆಲಸ ಕಲಿತವನು. ಬ್ರಷ್ಷು ಅವನ ಕೈಗೆ ಒಗ್ಗಲಿಲ್ಲ; ಎಲ್ಲಕ್ಕೂ ರೋಲರು. ಬೀದಿಯವರು ಅವನನ್ನು ಕರೆಯುತ್ತಿದ್ದುದೂ ರೋಲರ್ ಎಂದೇ.

"ಅಕ್ಕ, ಭಾನುವಾರ ಭಾವ ಪರವೂರಿಗೆ ಹೋಗ್ತಾರೆ. ನಾನು ಬಂದು ಕೆನೆ ಎಳೆದು ಹೋಗ್ತೀನಿ. ಅಂಗಡಿ ಮಿಷಿನ್ನಲ್ಲಿ ಬೆರೆಸಿಟ್ಟಿದೀನಿ. ಬಾಯಿ ಮಾತ್ರ ಬಿಡಬೇಡಿ," ಎಂದ ನನ್ನ ಹೆಂಡತಿಗೆ.

"ಕೆನೆ ಅಂತ ನಿಂಗೆ ಹೆಂಗೆ ಗೊತ್ತು?" ಎಂದೆ.

"ಹಲಗೆ ಮಾಡುವಾಗ ಭಾವ ಹೇಳ್ತಾ ಇದ್ರು, ಎರಡನೇ ಕೆನೆ, ಎರಡನೇ ಕೆನೆ ಅಂತ." ತಲೆ ಕೆರೆದುಕೊಂಡ. "ಅವರ ಕಣ್ಣಿಗೆ ಎಲ್ಲಾ ಹಳದಿ ಕಾಣುತ್ತೆ ಸಾರ್. ಅದಕ್ಕೆ ನೀಲಿ ಹಾಕ್ತಾರೆ. ಎರಡು ವರ್ಷ ಆಯ್ತು. ನೀವು ಎಂಟನೇ ಮನೆ."

"ಹೇಳಬಾರದಾ ಅವನಿಗೆ?"

"ನೀವು ಹೇಳಿದ್ರಾ?"

ರೋಲರ್ ಮಾತಲ್ಲಿ ಗಟ್ಟಿಗ ಎಂದು ಅವತ್ತೇ ಗೊತ್ತಾದದ್ದು. ಆಗ ನನಗೆ ಬಣ್ಣದಣ್ಣನ ಬಿಳಿ ಅಂಗಿಯೂ ನೆನಪಾಯಿತು. ಒಂದೆರಡು ವರ್ಷದಿಂದ ಅದು ಆಕಾಶದ ಬಣ್ಣಕ್ಕೆ ತಿರುಗಿತ್ತು. 'ನೀಲಿ ಡಬ್ಬಿಗೇ ಬಿದ್ದಿದಾನೆ' ಎಂದು ನಾವೆಲ್ಲ ಟೀ ಅಂಗಡಿಯಲ್ಲಿ ನಕ್ಕಿದ್ದೆವು. ಅದು ಬಿಳಿಯಾಗಲೇ ಇಲ್ಲವಲ್ಲ ಎಂದು ಅವನು ಒಬ್ಬನೇ ಬಕೀಟಿನ ಮುಂದೆ ಕೂತು ಮತ್ತೆ ಮತ್ತೆ ಅದ್ದುತ್ತಿದ್ದನೆಂದು ಯಾರಿಗೆ ಹೊಳೆಯಬೇಕು?

ಭಾನುವಾರ ರೋಲರ್ ಬಂದ. ಸಂಜೆಯ ಹೊತ್ತಿಗೆ ಅಡುಗೆಮನೆ ಕೆನೆಗಟ್ಟಿತು. ಹೆಂಡತಿ ಹಾಡಿಕೊಂಡು ಪಾತ್ರೆ ಜೋಡಿಸಿದಳು. ಆಮೇಲೆ ಬಣ್ಣದಣ್ಣ ಎಷ್ಟೋ ಸಲ ಬಂದು, ಅಡುಗೆಮನೆ ಇಣುಕಿ, "ಎಂಥಾ ಕೆನೆ!" ಎಂದು ಹೋದ. ನಾವು ಮೂವರೂ ಒಂದೇ ಕಪಾಟನ್ನು ನೋಡಿ ಮೂರು ಬೇರೆ ಬೇರೆ ಕಾರಣಕ್ಕೆ ಖುಷಿಪಟ್ಟೆವು.

ಹೀಗೆ ಎರಡು ತಿಂಗಳು. ಒಂದು ದಿನ ಕುಕ್ಕರಿನ ಮುಚ್ಚಳ ನನ್ನ ಕೈಯಿಂದಲೇ ಜಾರಿ ಒಂದು ಬಾಗಿಲು ತರಚಿತು. ಅಷ್ಟು ಸಾಲದೆಂದು ಟೀ ಅಂಗಡಿಯಲ್ಲಿ ಕೂತು ಆ ಕಥೆಯನ್ನು ರಸವತ್ತಾಗಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಬಣ್ಣದಣ್ಣ ಕೂತಿದ್ದನ್ನು ನೋಡಿರಲಿಲ್ಲ. ನಾನು ಮನೆ ಸೇರುವಷ್ಟರಲ್ಲಿ ಅವನು ನಮ್ಮ ಅಡುಗೆಮನೆಯಲ್ಲಿದ್ದ. ಒಂದು ಕೈಯಲ್ಲಿ ಸೀಸೆ, ಇನ್ನೊಂದರಲ್ಲಿ ಬ್ರಷ್ಷು, ಸೊಂಟದಲ್ಲಿ ಕಡ್ಡಿಗಳ ಬಳೆ. ಹೆಂಡತಿ ಒಲೆಯ ಬಳಿ ನಿಂತು ನನ್ನ ಕಡೆ ನೋಡಿದ ನೋಟವನ್ನು ಬಣ್ಣಿಸಲು ನನ್ನ ನಾಲ್ಕು ಬಣ್ಣ ಸಾಲವು.

"ಬೇಡ ಬಿಡಣ್ಣ, ಸಣ್ಣ ಗೀರು," ಎಂದೆ.

"ಸುಮ್ನಿರೋ ಹುಳು." ತರಚಿದ ಜಾಗಕ್ಕೆ ಮೆತ್ತಗೆ ಒಂದು ಎಳೆ ಎಳೆದ. ಕೆನೆಯ ಮೇಲೆ ನೀಲಿ ಪಟ್ಟೆ ಎದ್ದು ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, "ನೋಡು, ಎಲ್ಲಿ ತರಚಿತ್ತು ಅಂತ ಗೊತ್ತಾಗುತ್ತಾ?" ಎಂದ.

ನಾವಿಬ್ಬರೂ ಇಲ್ಲವೆಂದು ತಲೆಯಾಡಿಸಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂಚು ಕೂಡಿಸಲೆಂದು ಅವನು ಬೆರಳ ತುದಿಯನ್ನು ಪಟ್ಟೆಯ ಸುತ್ತ ಆಡಿಸಿದ. ಬೆರಳು ನಿಂತಿತು. ಇನ್ನೊಂದು ಸಲ ಆಡಿಸಿದ. ಪಕ್ಕದ ಬಾಗಿಲು ಸವರಿದ. ಅದರ ಪಕ್ಕದ್ದು. ಅದರ ಕೆಳಗಿನದ್ದು.

"ಕಿತ್ತಳೆ ಸಿಪ್ಪೆ ಇದ್ದಂಗಿದೆ," ಎಂದ. "ಇದು ನನ್ನ ಕೈಯಲ್ಲ. ಇದು ರೋಲರು."

ಕುಕ್ಕರು ಕೂಗಿತು. ಹೆಂಡತಿ ಒಲೆ ಆರಿಸಿದಳು.

"ಯಾಕೆ? ಬಣ್ಣ ಸರಿ ಇರಲಿಲ್ವಾ?"

ಹೆಂಡತಿಯೇ ಹೇಳಿದಳು, "ನೀಲಿ ಇತ್ತು ಅಣ್ಣ."

ಅವನು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹತ್ತಿರ ತಂದ. ದೂರ ಹಿಡಿದ. "ಇದೂನಾ?"

"ಅದೂ."

"ಈಗ ಹಚ್ಚಿದ್ದು ಗೊತ್ತಾಗ್ತಾ ಇದೆಯಾ?"

"ಹೂಂ ಅಣ್ಣ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಸೀಸೆಯ ಮುಚ್ಚಳ ತಿರುಗಿಸಿ ಹಾಕಿ, ನನ್ನ ಕಡೆ ನೋಡದೆ ಹೇಳಿದ, "ಮೂರು ದಿನ ಹಲಗೆ ಇತ್ತಲ್ಲೋ ನಿಮ್ಮನೇಲಿ." ಬ್ರಷ್ಷು ಒರೆಸುತ್ತಾ, "ಆಣೆ ಬೇರೆ ಇಟ್ಟೆ."

"ಅಣ್ಣ, ನಿನಗೆ ಬೇಜಾರಾಗುತ್ತೆ ಅಂತ..."

"ಎಷ್ಟು ಮನೆ?"

"ಎಂಟು. ಎರಡು ವರ್ಷದಿಂದ."

ಸೊಂಟದ ಬಳೆ ಬಿಚ್ಚಿ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ತಳ್ಳಿದ. ಯಾವ ಎಂಟು ಎಂದು ಕೇಳಲಿಲ್ಲ. "ಮನೆಗೆ ಬಿಡು," ಎಂದ.

ಸ್ಕೂಟರಿನ ಹಿಂದೆ ಕೂತವನು ನನ್ನ ಹೆಗಲು ಹಿಡಿಯಲಿಲ್ಲ, ಸೀಟಿನ ಕಂಬಿ ಹಿಡಿದಿದ್ದ. ಮನೆ ಬಂತು. ಇಳಿದವನು ಚಪ್ಪಲಿಯನ್ನೂ ಬಿಡದೆ ನೇರ ಅಡುಗೆಮನೆಗೆ ನಡೆದ. ನಾನು ಹಿಂದೆ ಹೋದೆ, ಹೋಗಬಾರದಿತ್ತು. ಹಿಂದಿನ ವರ್ಷ ಅವನೇ ತನ್ನ ಹೆಂಡತಿಗೆಂದು ಬಳಿದಿದ್ದ ಕಪಾಟುಗಳು, ಎಳೆ ಸೌತೆಕಾಯಿಯ ಬಣ್ಣ. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಅವನು ಮೊದಲನೇ ಬಾಗಿಲ ಮೇಲೆ ಅಂಗೈ ಇಟ್ಟ.

ಅತ್ತಿಗೆಗೆ ಅರ್ಥವಾಯಿತು. ಕತ್ತಿ ಕೆಳಗಿಟ್ಟಳು. ಅವನ ಕೈಗೆ ಕೆಳಗಿನ ಬಾಗಿಲು ಸಿಗಲೆಂದು ಸ್ವಲ್ಪ ಪಕ್ಕಕ್ಕೆ ಸರಿದಳು.

ಅವನು ಪೂರ್ತಿ ಸವರಿದ. ಕೊನೆಗೆ ಒಂದು ಬಾಗಿಲು ತೆರೆದು ಅದರ ಒಳಮೈ ಮುಟ್ಟಿದ. ರೋಲರು ಅಲ್ಲಿಗೆ ಹೋಗಿರಲಿಲ್ಲ. ಬಾಗಿಲು ಮುಚ್ಚಿದ.

"ನೀನೂನಾ?" ಎಂದ.

"ತಮ್ಮನೇ ಹೇಳಿದ, ಭಾವನಿಗೆ ಗೊತ್ತಾದ್ರೆ ಬ್ರಷ್ಷು ಹಿಡಿಯಲ್ಲ ಅಂತ," ಎಂದಳು ಅತ್ತಿಗೆ. "ಹಿಡೀಲಿ ಅಂತ ಸುಮ್ನಿದ್ದೆ."

"ಹಿಡಿದೆನಲ್ಲ. ಎರಡು ವರ್ಷ. ನಾನು ಬಳಿದದ್ದನ್ನ ಊರೆಲ್ಲ ಹಿಂದಿನಿಂದ ಒರೆಸ್ತಾ ಬಂತು."

ಆಮೇಲೆ ಆದದ್ದು ಬೀದಿಗೇ ಗೊತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೆ ಒಂದು ಆಪರೇಷನ್ ಆಯಿತು. ನಾವು ಎಂಟೂ ಮನೆಯವರು ಹಣ್ಣು ಹಿಡಿದು ನೋಡಲು ಹೋದೆವು. ಹಣ್ಣು ತೆಗೆದುಕೊಂಡ, ಮಾತು ಕೊಡಲಿಲ್ಲ. ಬಾಮೈದ ಅದೇ ಮನೆಯಲ್ಲಿ ಉಂಡರೂ ಕೆಲಸ ಬೇರೆಯಾಯಿತು. ಆರು ವಾರದ ನಂತರ ಬಣ್ಣದಣ್ಣ ಬೀದಿಗೆ ಬಂದ. ಅಂಗಿ ಕಣ್ಣು ಕುಕ್ಕುವಷ್ಟು ಬಿಳಿ.

ಮೊದಲು ಬಂದದ್ದು ನಮ್ಮ ಮನೆಗೆ. ಆ ನೀಲಿ ಪಟ್ಟೆಯನ್ನು ನಾವು ಒರೆಸಿರಲಿಲ್ಲ, ಧೈರ್ಯವಾಗಿರಲಿಲ್ಲ. ಅದರ ಮುಂದೆ ನಿಂತ.

"ಇಷ್ಟೊಂದಿತ್ತಾ," ಎಂದ. ಮುಖ ಸಣ್ಣಗಾಗಿತ್ತು. "ಕುರುಡನಿಗೂ ಕಾಣೋ ಹಾಗಿದೆ. ಒಬ್ಬರಾದ್ರೂ..." ಅಷ್ಟಕ್ಕೇ ನಿಲ್ಲಿಸಿ ಹೊರಟ.

ನಾವೂ ಪಾಪ ಕಳೆದುಕೊಳ್ಳಲು ಹವಣಿಸಿದೆವು. ಹೆಂಡತಿಯೇ ದಾರಿ ಹುಡುಕಿದಳು: ಕಿಟಕಿಗಳಿಗೆ ಬಣ್ಣ ಹೊಡೆಸೋಣ, ಅವನನ್ನೇ ಕರೆಯೋಣ, ಈ ಸಲ ಹಲಗೆ ಮುಂದೆ ನಿಜ ಹೇಳೋಣ. ನಾನು ಹೋಗಿ ಕರೆದೆ. ಬಂದ. ಹೆಂಡತಿ ಶುರು ಮಾಡಿದಳು, "ಅಣ್ಣ, ಮಳೆ ನಿಂತ ಮೇಲೆ ಕಲ್ಲಿನ ಮೇಲೆ ಒಂದು ಬಣ್ಣ ಬರುತ್ತಲ್ಲ..."

ಅವನು ಕೇಳಿಸಿಕೊಳ್ಳಲಿಲ್ಲ. ಚೀಲದಿಂದ ಅಂಗಡಿಯ ಬಣ್ಣದ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟ. ಉಗುರಿನಷ್ಟು ಅಗಲದ ನೂರಾರು ಚೌಕಗಳು, ಒಂದೊಂದರ ಕೆಳಗೂ ಒಂದು ನಂಬರು.

"ನಂಬರ್ ಹೇಳಿ ಸಾರ್. ಮಿಷಿನ್ನಲ್ಲಿ ಹಾಕಿಸ್ಕೊಂಡು ಬರ್ತೀನಿ."

"ಹಲಗೆ, ಅಣ್ಣ?"

"ಹಲಗೆ ಯಾಕೆ ಸಾರ್ ನಿಮಗೆ," ಎಂದ, ಬಹಳ ಮರ್ಯಾದೆಯಿಂದ.

ಅವನು ಗೇಟು ದಾಟಿ ಎದುರು ಮನೆಗೆ ಹೋದ. ಅಲ್ಲಿಗೆ ಹೊಸದಾಗಿ ಬಾಡಿಗೆಗೆ ಬಂದ ಗಂಡಹೆಂಡಿರು ಅವನಿಗೆ ಇನ್ನೂ ಏನೂ ಸುಳ್ಳು ಹೇಳಿರಲಿಲ್ಲ. ಜಗುಲಿಗೆ ಒರಗಿಸಿಟ್ಟಿದ್ದ ಹಲಗೆಯನ್ನು ಎತ್ತಿಕೊಂಡು, ಹಸಿ ಬಣ್ಣ ಬಿಳಿ ಅಂಗಿಗೆ ತಾಗದಂತೆ ದೂರ ಹಿಡಿದು ಒಳಗೆ ನಡೆದ. "ಮೂರು ದಿನ ಇಟ್ಕೊಂಡು ನೋಡಿ, ಇದು ಇರೋದೇ ಬೈಯೋಕೆ," ಎನ್ನುವುದು ನಮ್ಮ ಕಿಟಕಿಗೂ ಕೇಳಿಸಿತು.

ಹೆಂಡತಿ ನನ್ನ ಕೈಯ ಕಾರ್ಡು ನೋಡಿದಳು. "ಯಾವುದು?" ಎಂದಳು.

ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.